ಹಳೆಯ ಕಾರೊಂದರ ಆಯ್ಕೆ

ಹಳೆಯ ವಸ್ತುಗಳಲ್ಲಿ ಮನುಷ್ಯನಿಗಿರುವ ಮಮತೆ ಹೊಸದೇನೂ ಅಲ್ಲ. ಅಜ್ಜನ ಊರುಗೋಲು, ಅಜ್ಜಿಯ ಎಲೆಯಡಿಕೆ ಪೆಟ್ಟಿಗೆ, ಗೋಡೆಯ ಮೇಲಿನ ಕೀಲಿ ಗಡಿಯಾರ – ಇವನ್ನು ನಾವು ಎಸೆಯಲಾರದೆ ಇಟ್ಟುಕೊಳ್ಳುತ್ತೇವೆ. ಇವುಗಳಿಗೆ ಮನೆಯಲ್ಲಿ ಒಂದು ಮೂಲೆ ಸಿಕ್ಕಿದರೆ ಸಾಕು. ಮತ್ತೇನನ್ನೂ ಅವು ಕೇಳುವುದಿಲ್ಲ. ಹಳೆಯ ಕಾರಿನ ಮಾತು ಹಾಗಲ್ಲ. ಅದಕ್ಕೆ ನೆರಳು ಬೇಕು, ಎಣ್ಣೆ ಬೇಕು, ಪೆಟ್ರೋಲು ಬೇಕು, ಸರ್ಕಾರದ ಕಾಗದ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅದರ ಸ್ವಭಾವವನ್ನು ಬಲ್ಲ ಒಬ್ಬ ಮನುಷ್ಯ ಬೇಕು. ಆದುದರಿಂದ ಹಳೆಯ ಕಾರನ್ನು ಕೊಳ್ಳುವುದೆಂದರೆ ಗಡಿಯಾರವನ್ನು ಕೊಂಡಂತಲ್ಲ, ಮನೆಗೆ ಒಂದು ಹಸುವನ್ನು ತಂದು ಕಟ್ಟಿದಂತೆ. ಹಾಲಿನ ಆಸೆಯಿಂದ ತಂದವರು ಹುಲ್ಲಿನ ಲೆಕ್ಕವನ್ನೂ ಮೊದಲೇ ಹಾಕಬೇಕು.

ನಾನು ಈ ಭಾಷಣದಲ್ಲಿ ಮಾತನಾಡುತ್ತಿರುವುದು ರಾಜಮಹಾರಾಜರ ಕಾರುಗಳನ್ನು ಕುರಿತಲ್ಲ. ಅವುಗಳಿಗೆ ಆಸರೆಯಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವನ್ನು ಕಂಡವರು ಎಷ್ಟು ಅಕ್ಕರೆಯಿಂದ ಹಳೆಯ ಕಾರುಗಳನ್ನು ಅಲ್ಲಿ ಕಾಪಾಡಿದ್ದಾರೆಂಬುದನ್ನು ಬಲ್ಲರು. ನನ್ನ ಮನಸ್ಸಿನಲ್ಲಿರುವವರು ಬೇರೆ. ಮೂವತ್ತು ವರ್ಷ ನೌಕರಿ ಮಾಡಿ, ಮಕ್ಕಳನ್ನು ದಡ ಸೇರಿಸಿ, ಕೈಯಲ್ಲಿ ಉಳಿದ ಅಲ್ಪಸ್ವಲ್ಪ ಹಣದಲ್ಲಿ ಎಳೆಯ ವಯಸ್ಸಿನ ಆಸೆಯೊಂದನ್ನು ತೀರಿಸಿಕೊಳ್ಳಬೇಕೆನ್ನುವ ಸಾಮಾನ್ಯ ಗೃಹಸ್ಥರು. ಅವರು ಯಾವ ಕಾರನ್ನು ಕೊಳ್ಳಬೇಕು? ಕೈಗೆ ಎಟುಕುವಂತಿರಬೇಕು, ಬೀದಿಗೆ ನಾಲ್ಕು ಕಾಣುವಂಥದೂ ಆಗಿರಬಾರದು. ಈ ಎರಡು ಷರತ್ತುಗಳಿಗೆ ನಾನು ಮೂರನೆಯದೊಂದನ್ನು ಸೇರಿಸುತ್ತೇನೆ: ಅದು ಓಡುವಂತಿರಬೇಕು. ನಿಂತಲ್ಲೇ ನಿಂತ ಕಾರಿಗೆ ಒಡೆಯನಿರುವುದಿಲ್ಲ, ಕಾವಲುಗಾರನಿರುತ್ತಾನೆ ಅಷ್ಟೆ.

ಮೊದಲಿಗೆ ಹಳೆಯದು ಎಂಬ ಮಾತಿನ ಅಳತೆಯನ್ನು ನಿಷ್ಕರ್ಷೆ ಮಾಡಿಕೊಳ್ಳೋಣ. ಇಂಗ್ಲೆಂಡಿನ ರಸಿಕರು ‘ವಿಂಟೇಜ್’ ಎಂಬ ಹೆಸರನ್ನು 1919ರಿಂದ 1930ರ ವರೆಗಿನ ಕಾರುಗಳಿಗೆ ಮಾತ್ರ ಕೊಡುತ್ತಾರೆ. ಆಮೇಲಿನವುಗಳಿಗೆ ‘ಕ್ಲಾಸಿಕ್’ ಎಂಬ ಸಡಿಲವಾದ ಹೆಸರು. ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯಲ್ಲಿ ವಿಂಟೇಜ್ ಎಂಬುದಕ್ಕೆ ಬೇರೆಯ ಅರ್ಥವನ್ನೇ ಹೇಳಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಮೈಕಟ್ಟು, ಇಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಬಾರದು. ಅಂಥ ವಾಹನಕ್ಕೆ ಹೊಸದಾಗಿ ನೋಂದಣಿ ಮಾಡಿಸಿದರೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಆ ನೋಂದಣಿಯ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ಹಳೆಯ ಕಾರುಗಳ ಮೆರವಣಿಗೆ, ತಾಂತ್ರಿಕ ಸಂಶೋಧನೆ, ದುರಸ್ತಿ, ಪೆಟ್ರೋಲು ತುಂಬಿಸುವುದು – ಇಷ್ಟಕ್ಕೆ ಮಾತ್ರ ಅದು ರಸ್ತೆಗಿಳಿಯಬಹುದು. ಕೊಳ್ಳುವವರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತರಕಾರಿ ತರಲು ಹೋಗುವ ಕಾರು ಬೇಕೆ, ಮೆರವಣಿಗೆಯ ಕಾರು ಬೇಕೆ ಎಂಬುದು ಮೊದಲೇ ತೀರ್ಮಾನವಾಗಲಿ.

ಇನ್ನು ನಮ್ಮ ದೇಶದಲ್ಲಿ ಆಯ್ಕೆಗೆ ಇರುವುದಾದರೂ ಏನು? ಇದನ್ನು ತಿಳಿಯಲು ಸ್ವಲ್ಪ ಚರಿತ್ರೆ ಬೇಕು. ಸ್ವಾತಂತ್ರ್ಯಕ್ಕೆ ಮುಂಚೆ ಇಲ್ಲಿ ಕಾರುಗಳು ಹಡಗಿನಲ್ಲಿ ಬರುತ್ತಿದ್ದವು. ಇಲ್ಲವೆ ಬಿಡಿಬಿಡಿಯಾಗಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಜನರಲ್ ಮೋಟಾರ್ಸ್ ಕಂಪನಿ 1928ರಲ್ಲಿಯೇ ಬೊಂಬಾಯಿಯಲ್ಲಿ ಜೋಡಣೆ ಆರಂಭಿಸಿತ್ತು. 1942ರಲ್ಲಿ ಹಿಂದೂಸ್ಥಾನ್ ಮೋಟಾರ್ಸ್, 1944ರಲ್ಲಿ ಪ್ರೀಮಿಯರ್, 1948ರಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಹುಟ್ಟಿಕೊಂಡವು. 1953ರಲ್ಲಿ ಸುಂಕ ಆಯೋಗ ವರದಿ ಕೊಟ್ಟ ಮೇಲೆ, ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುತ್ತಿದ್ದ ವಿದೇಶಿ ಕಂಪನಿಗಳು ಗಂಟು ಕಟ್ಟಿದವು. ಅಲ್ಲಿಂದ 1983ರ ಡಿಸೆಂಬರಿನಲ್ಲಿ ಮಾರುತಿ ಬರುವ ವರೆಗೆ, ಸುಮಾರು ಮೂವತ್ತು ವರ್ಷ, ನಮ್ಮ ಮಧ್ಯಮ ವರ್ಗದವರ ಪಾಲಿಗೆ ಕಾರು ಎಂದರೆ ಮುಖ್ಯವಾಗಿ ಮೂರೇ: ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಹೆಸರು ಬರೆಸಿ ವರ್ಷಗಟ್ಟಲೆ ಕಾದು ಪಡೆಯುತ್ತಿದ್ದ ಕಾಲ ಅದು.

ಮೂರರಲ್ಲಿ ಅಂಬಾಸಿಡರನ್ನು ಕೊಳ್ಳುವುದು ಎಲ್ಲಕ್ಕಿಂತ ಸುಲಭ. 1957ರಿಂದ 2014ರ ವರೆಗೆ ಅದು ತಯಾರಾಯಿತು. ಬಿಡಿಭಾಗಕ್ಕೆ ಬರವಿಲ್ಲ, ರಿಪೇರಿ ಬಲ್ಲವರು ಜಿಲ್ಲೆ ಜಿಲ್ಲೆಯಲ್ಲೂ ಇದ್ದಾರೆ. ಆದರೆ ಅಪರೂಪವೆನ್ನಲು ಬಾರದು. ಫಿಯೆಟ್ಟಿನ ಮಾತೂ ಬಹುಮಟ್ಟಿಗೆ ಹಾಗೆಯೇ. 1964ರ ‘ಡಿಲೈಟ್’ ಮುಂದೆ 1970ರ ದಶಕದಲ್ಲಿ ‘ಪದ್ಮಿನಿ’ಯಾಗಿ ಆ ಶತಮಾನದ ಕೊನೆಯ ತನಕ ನಡೆದು ಬಂತು. ಸ್ಟಿಯರಿಂಗಿನ ಪಕ್ಕದಲ್ಲಿಯೇ ಗೇರಿನ ಕೋಲು, 1089 ಸಿ.ಸಿ.ಯ ಚುರುಕಾದ ಇಂಜಿನ್ನು. ಅಪರೂಪದ್ದೇ ಬೇಕೆನ್ನುವವರು 1964ಕ್ಕೆ ಹಿಂದಿನ ಫಿಯೆಟ್ಟನ್ನು ಹುಡುಕಬಹುದು. ಅದರ ಮುಂಬಾಗಿಲುಗಳು ಹಿಂದಿನ ಅಂಚಿನಲ್ಲಿ ಕೀಲುಗೊಂಡು, ಮುಂದಿನ ಅಂಚಿನಿಂದ ತೆರೆದುಕೊಳ್ಳುತ್ತವೆ. ಆದರೆ ಆ ಬಾಗಿಲುಗಳ ಸೊಗಸು ಈಗ ಎಲ್ಲರಿಗೂ ಗೊತ್ತಾಗಿ, ಬೆಲೆಯೂ ಅದಕ್ಕೆ ತಕ್ಕಂತೆ ಏರಿಕೊಂಡಿದೆ.

ನನ್ನ ಒಲವು ಹೆರಾಲ್ಡಿನ ಕಡೆಗೆ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಹೊರಬಂತು. ಅದರ ಆಕಾರವನ್ನು ರೂಪಿಸಿದವನು ಇಟಲಿಯ ಟ್ಯೂರಿನ್ ನಗರದ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಕಾರ್ಖಾನೆ ಅದನ್ನು ತಯಾರಿಸಿ, ಸುಮಾರು ಹತ್ತು ವರ್ಷ ಮಾರಿತು. ಆ ಕಾಲಕ್ಕೆ ಬೇರೆ ಕಾರುಗಳು ಮೈಯನ್ನೂ ಅಡಿಗಟ್ಟನ್ನೂ ಒಂದಾಗಿಸುವ ಹೊಸ ಪದ್ಧತಿಗೆ ತಿರುಗಿದ್ದರೆ, ಹೆರಾಲ್ಡಿಗೆ ಹಳೆಯ ಕಾಲದ ಲಾರಿಯಂತೆ ಬೇರೆಯಾದ ಚಾಸಿ ಇತ್ತು. ಇದು ಶಾಸ್ತ್ರಪ್ರೀತಿಯಿಂದ ಆದುದಲ್ಲ. ಟ್ರಯಂಫಿನವರಿಗೆ ಕಾರಿನ ಮೈಯನ್ನು ಒದಗಿಸುತ್ತಿದ್ದ ಕಂಪನಿಯನ್ನು ಅವರ ಪ್ರತಿಸ್ಪರ್ಧಿಗಳು 1953ರಲ್ಲಿ ಕೊಂಡುಬಿಟ್ಟರು. ಇಡೀ ಮೈಯನ್ನು ಒಂದೆಡೆ ಮಾಡಿಸಲು ಜಾಗವಿಲ್ಲದೆ, ತುಂಡು ತುಂಡಾಗಿ ಮಾಡಿಸಿ ಚಾಸಿಯ ಮೇಲೆ ಬೋಲ್ಟು ಹಾಕಿ ಬಿಗಿಯುವ ಉಪಾಯವನ್ನು ಅವರು ಕಂಡುಕೊಂಡರು. ಅಂದಿನ ಆ ಪೇಚಾಟ ಇಂದಿನ ಒಡೆಯನಿಗೆ ವರವಾಗಿದೆ. ಕೆಟ್ಟ ಭಾಗವನ್ನು ಬಿಚ್ಚಿ ತೆಗೆದು ರಿಪೇರಿ ಮಾಡಿಸಿ ಮತ್ತೆ ಕೂಡಿಸಬಹುದು.

ಹೆರಾಲ್ಡಿನ ಬಾನೆಟ್ಟನ್ನು ಎತ್ತಿದರೆ ಮುಂದಿನ ಎರಡು ರೆಕ್ಕೆಗಳೂ ಅದರೊಡನೆಯೇ ಮೇಲೇಳುತ್ತವೆ. ಇಂಜಿನ್ನು, ಮುಂದಿನ ಚಕ್ರಗಳು, ಸ್ಟಿಯರಿಂಗಿನ ಕೀಲುಗಳು ಎಲ್ಲವೂ ಕಣ್ಣ ಮುಂದೆ ತೆರೆದುಕೊಳ್ಳುತ್ತವೆ. ಚಕ್ರದ ಮೇಲೆ ಕುಳಿತೇ ಕೆಲಸ ಮಾಡಬಹುದು. ಬೆನ್ನು ಬಾಗಿಸಲಾರದ ವಯಸ್ಸಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಇನ್ನೊಂದು ವಿಶೇಷ ಅದು ತಿರುಗುವ ರೀತಿ. 25 ಅಡಿ ಅಗಲದ ವೃತ್ತದಲ್ಲಿ ಅದು ಪೂರ್ತಿ ಸುತ್ತು ಹಾಕಬಲ್ಲದು. ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಹಿಂದೆ ಮುಂದೆ ಮಾಡದೆ ಕಾರನ್ನು ತಿರುಗಿಸಿಕೊಂಡು ಬರುವುದರ ಸುಖ ಆ ಕಷ್ಟವನ್ನು ಪಟ್ಟವರಿಗೇ ಗೊತ್ತು.

ದೋಷಗಳನ್ನೂ ಹೇಳಬೇಕು. ಹಿಂದಿನ ಚಕ್ರಗಳು ತೂಗುವ ಬಗೆಯ ಆಕ್ಸಲಿನವಾದುದರಿಂದ, ವೇಗವಾಗಿ ತಿರುವು ತೆಗೆದುಕೊಳ್ಳುವಾಗ ಚಕ್ರ ಒಳಗೆ ಮಡಿಚಿಕೊಂಡು ಕಾರು ಜಾರುವ ಸಂಭವವುಂಟು. ಆಗುಂಬೆಯ ಘಾಟಿಯಲ್ಲಿ ಪೌರುಷ ತೋರಿಸಲು ಇದು ತಕ್ಕ ವಾಹನವಲ್ಲ. ಇನ್ನು ಮುಂದಿನ ಚಕ್ರದ ಬುಡದಲ್ಲಿ ‘ಟ್ರನಿಯನ್’ ಎಂಬ ಒಂದು ಹಿತ್ತಾಳೆ ಬಣ್ಣದ ಕೀಲು ಇದೆ. ಅದಕ್ಕೆ ಹಾಕಬೇಕಾದುದು ಗ್ರೀಸಲ್ಲ, ಗೇರಿನ ಗಟ್ಟಿ ಎಣ್ಣೆ. ಎಲ್ಲ ಕೀಲುಗಳಿಗೂ ಗ್ರೀಸು ತುಂಬುವುದು ನಮ್ಮ ಷೆಡ್ಡುಗಳ ರೂಢಿ. ಎಣ್ಣೆ ಕಾಣದ ಕೀಲು ಒಳಗೇ ಸವೆದು ಒಂದು ದಿನ ಮುರಿಯುತ್ತದೆ, ಚಕ್ರ ಅಡ್ಡಬೀಳುತ್ತದೆ. ಆದ್ದರಿಂದ ಹೆರಾಲ್ಡನ್ನು ಮಾರುವವರನ್ನು ಈ ಕೀಲಿಗೆ ಏನು ಹಾಕುತ್ತೀರಿ ಎಂದು ಕೇಳಿನೋಡಿ. ಅವರು ಕೊಡುವ ಉತ್ತರದಿಂದ ಆ ಕಾರಿನ ಇಪ್ಪತ್ತು ವರ್ಷದ ಚರಿತ್ರೆ ನಿಮಗೆ ತಿಳಿದುಹೋಗುತ್ತದೆ.

ಕಾರಿನ ಆಯ್ಕೆಯಲ್ಲಿ ನಾನು ಬಹು ಮುಖ್ಯವೆಂದು ಎಣಿಸುವುದು ಅದರ ನೆಂಟರಿಷ್ಟರನ್ನು. ಮದುವೆಯ ಮಾತುಕತೆಯಲ್ಲಿ ಹಿರಿಯರು ವರನೊಬ್ಬನನ್ನೇ ನೋಡುವುದಿಲ್ಲ, ಮನೆತನವನ್ನು ವಿಚಾರಿಸುತ್ತಾರೆ. ಕಾರಿನಲ್ಲಿಯೂ ಹಾಗೆಯೇ. ಹೆರಾಲ್ಡಿನ ಚಾಸಿಯ ಮನೆತನಕ್ಕೆ ಸೇರಿದ ಸ್ಪಿಟ್‌ಫೈರ್ ಎಂಬ ಚಿಕ್ಕ ಕಾರು ಇಂಗ್ಲೆಂಡಿನಲ್ಲಿ 1962ರಿಂದ 1980ರ ವರೆಗೆ ತಯಾರಾಯಿತು. ಅದಕ್ಕೆ ಅಲ್ಲಿ ಇಂದಿಗೂ ಅಭಿಮಾನಿಗಳ ಸಂಘಗಳಿವೆ. ಅದರ ಬಿಡಿಭಾಗಗಳನ್ನು ಇಂದಿಗೂ ಹೊಸದಾಗಿ ಮಾಡುತ್ತಾರೆ. ಆ ನೆಂಟಸ್ತಿಕೆಯಿಂದ ನಮ್ಮ ಹೆರಾಲ್ಡಿನ ಇಂಜಿನ್ನಿಗೂ ಕೀಲುಗಳಿಗೂ ಬೇಕಾದ ಅನೇಕ ಭಾಗಗಳು ಅಂಚೆಯಲ್ಲಿ ಬರುತ್ತವೆ. ಆದರೆ ಒಂದು ಎಚ್ಚರಿಕೆ. 1960ರ ದಶಕದ ಕೊನೆಯಲ್ಲಿ ಮದರಾಸಿನವರು ಹೆರಾಲ್ಡಿಗೆ ನಾಲ್ಕು ಬಾಗಿಲುಗಳನ್ನಿಟ್ಟರು. ಇಂಗ್ಲೆಂಡಿನಲ್ಲಿ ಇದ್ದುದು ಎರಡು ಬಾಗಿಲಿನದು ಮಾತ್ರ. ನಾಲ್ಕು ಬಾಗಿಲಿನ ಹೆರಾಲ್ಡ್ ಲೋಕಕ್ಕೆಲ್ಲ ನಮ್ಮದೊಂದೇ. ಆ ಕಾರಣದಿಂದಲೇ ಅದರ ಬಾಗಿಲು ಕೆಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಸಿಕ್ಕುವುದಿಲ್ಲ.

ಆದ್ದರಿಂದ ಮೈ ಗಟ್ಟಿಯಾಗಿದ್ದು ಇಂಜಿನ್ನು ಸೋತ ಕಾರನ್ನು ಕೊಳ್ಳಬಹುದು. ಇಂಜಿನ್ನು ಚೆನ್ನಾಗಿದ್ದು ಮೈ ತುಕ್ಕು ತಿಂದ ಕಾರನ್ನು ಕೊಳ್ಳಬಾರದು. ನಾನು ಬಲ್ಲ ಮೇಸ್ತ್ರಿಯೊಬ್ಬರು ಇದನ್ನೇ ಸೂತ್ರಪ್ರಾಯವಾಗಿ ಹೇಳುತ್ತಾರೆ: “ಬಾಡಿ ನೀವು ನೋಡಿ ತಗೊಳ್ಳಿ ಸಾರ್, ಇಂಜಿನ್ ನನಗೆ ಬಿಡಿ.” ಇಂಜಿನ್ನಿನ ಕೆಲಸಕ್ಕೆ ಲೇತು ಇದೆ, ಬೋರು ಮಾಡುವವರಿದ್ದಾರೆ, ಜೆ.ಸಿ. ರಸ್ತೆಯ ಅಂಗಡಿಗಳಿವೆ, ಶಿವಾಜಿನಗರದ ಗುಜರಿ ಇದೆ. ಆದರೆ ತುಕ್ಕಿನ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದ ಮೈಯನ್ನು ಮತ್ತೆ ತಗಡಿನಲ್ಲಿ ತಟ್ಟಿ ಎಬ್ಬಿಸುವ ಟಿಂಕರನ ಕೈ ದಿನದಿನಕ್ಕೆ ಅಪರೂಪವಾಗುತ್ತಿದೆ. ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತವನ್ನು ಇಟ್ಟುಕೊಂಡಿರಿ. ಬಾಗಿಲಿನ ಕೆಳಗೆ, ಚಕ್ರದ ಸುತ್ತ, ಡಿಕ್ಕಿಯ ನೆಲದಲ್ಲಿ ಅದು ಹಿಡಿಯಲಿಲ್ಲವಾದರೆ ಅಲ್ಲಿ ಕಬ್ಬಿಣವಿಲ್ಲ, ಬರಿಯ ಪುಟ್ಟಿ ಎಂದು ತಿಳಿಯಬಹುದು.

ಕನ್ನಡ ಪಾಠ ಹೇಳಿದ ನನಗೆ ಇಲ್ಲಿ ಗ್ರಂಥಸಂಪಾದನೆಯ ನೆನಪಾಗುತ್ತದೆ. ತಾಳೆಯೋಲೆಯ ಪ್ರತಿಗಳನ್ನು ಹೋಲಿಸುವವರು ಮೂಲಪಾಠ ಯಾವುದು, ಲಿಪಿಕಾರನ ಕೈತಪ್ಪು ಯಾವುದು, ಆಮೇಲಿನವರು ಸೇರಿಸಿದ ಪ್ರಕ್ಷಿಪ್ತ ಯಾವುದು ಎಂದು ಬೇರ್ಪಡಿಸುತ್ತಾರೆ. ಹಳೆಯ ಕಾರೂ ಅಂಥದೊಂದು ಪ್ರತಿ. ಐವತ್ತು ವರ್ಷಗಳಲ್ಲಿ ಅದು ಹತ್ತಾರು ಕೈಗಳನ್ನು ದಾಟಿ ಬಂದಿರುತ್ತದೆ. ಒಬ್ಬರು ಕಾರ್ಬುರೇಟರನ್ನು ಬದಲಾಯಿಸಿದ್ದಾರೆ, ಇನ್ನೊಬ್ಬರು ಬೇರೆ ಕಾರಿನ ದೀಪ ಹಾಕಿಸಿದ್ದಾರೆ, ಮತ್ತೊಬ್ಬರು ಡೀಸೆಲ್ ಇಂಜಿನ್ನನ್ನೇ ಕೂಡಿಸಿದ್ದಾರೆ. ದೀಪದಂಥ ಪಾಠಾಂತರಗಳನ್ನು ಸಹಿಸಬಹುದು, ತಿದ್ದಬಹುದು. ಚಾಸಿಯೇ ಬೇರೆ ಕಾರಿನದಾದರೆ ಅದು ಬೇರೆ ಗ್ರಂಥ. ಹಾಗೆಂದು ಮೂಲದ ವ್ಯಾಮೋಹವೂ ಅತಿಯಾಗಬಾರದು. ಮೂಲದ ಬ್ರೇಕು ಹಿಡಿಯದಿದ್ದರೆ ಒಳ್ಳೆಯ ಬ್ರೇಕನ್ನು ಹಾಕಿಸುವುದೇ ವಿವೇಕ; ಓದುಗನನ್ನು ಗೋಡೆಗೆ ಗುದ್ದಿಸುವ ಶುದ್ಧಪಾಠ ಯಾರಿಗೆ ಬೇಕು?

ಹೆರಾಲ್ಡಿಗಿಂತಲೂ ಅಪರೂಪವಾದ, ನಮ್ಮ ನಾಡಿನದೇ ಆದ ಒಂದು ಕಾರನ್ನು ಕುರಿತು ಈಗ ಹೇಳಬೇಕು. ಮೋಟಾರು ಕಾರ್ಖಾನೆಯೊಂದು ಈ ದೇಶದಲ್ಲಿ ಏಳಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ಕಂಡುಬಂದು ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದರ ಬೆನ್ನು ಹತ್ತಿದರು. ಆದರೆ 1940ರಲ್ಲಿ ಅವರ ಪ್ರಯತ್ನದಿಂದ ಬೆಂಗಳೂರಿಗೆ ಬಂದುದು ವಿಮಾನದ ಕಾರ್ಖಾನೆ; ಕಾರಿನದು ಬೊಂಬಾಯಿಯ ಪ್ರೀಮಿಯರ್ ಆಯಿತು. ಬೆಂಗಳೂರಿನಲ್ಲಿ ಕಾರು ಹುಟ್ಟಲು ಮತ್ತೆ ನಾಲ್ಕು ದಶಕಗಳು ಬೇಕಾದವು. 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಮಾಡಿದ್ದ ಇಲ್ಲಿನ ಸಂಸ್ಥೆಯೇ ಸಿಪಾನಿ ಎಂಬ ಹೆಸರಿನಿಂದ 1982ರಲ್ಲಿ ‘ಡಾಲ್ಫಿನ್’ ಎಂಬ ನಾಲ್ಕು ಚಕ್ರದ ಪುಟ್ಟ ಕಾರನ್ನು ತಂದಿತು. ಇಂಗ್ಲೆಂಡಿನ ಟ್ಯಾಮ್‌ವರ್ತಿನ ರಿಲಯಂಟ್ ಕಂಪನಿಯ ‘ಕಿಟನ್’ ಅದರ ಮೂಲ. ಎರಡು ಬಾಗಿಲು, 848 ಸಿ.ಸಿ.ಯ ಅಲ್ಯೂಮಿನಿಯಂ ಇಂಜಿನ್ನು, ಗಾಜಿನ ನಾರಿನ ಮೈ. ಜನ ಅದನ್ನು ಪ್ಲಾಸ್ಟಿಕ್ ಕಾರೆಂದು ಹಗುರವಾಗಿ ಕಂಡರು. ಆದರೆ ಅದರ ಹಗುರವಾದ ಮೈಯನ್ನು ಮೆಚ್ಚಿ ರ್‍ಯಾಲಿಯ ಚಾಲಕರು ಅದನ್ನು ಪಂದ್ಯಗಳಲ್ಲಿ ಓಡಿಸಿದರು. ಮರುವರ್ಷವೇ ಮಾರುತಿ ಬಂತು. ನಾಲ್ಕು ಬಾಗಿಲು, ಜಪಾನಿನ ನಯ, ಸರ್ಕಾರದ ಬೆಂಬಲ ಇವುಗಳ ಮುಂದೆ ಡಾಲ್ಫಿನ್ನು ನಿಲ್ಲಲಾರದೆ ಹೋಯಿತು.

ಇಂದು ಡಾಲ್ಫಿನ್ನನ್ನು ಕೇಳುವವರು ಕಡಿಮೆ. ಆದ್ದರಿಂದಲೇ, ಸಿಕ್ಕಿದರೆ, ಅದು ಅಗ್ಗ. ಅದರ ಮೈಗೆ ತುಕ್ಕು ಹಿಡಿಯುವುದಿಲ್ಲ; ಆದರೆ ಮೈ ಹೊಳೆಯುತ್ತಿದೆಯೆಂದು ಮೋಸಹೋಗಬಾರದು. ಕೆಳಗಿನ ಚಾಸಿ ಕಬ್ಬಿಣದ್ದು, ಕಾರಿನ ಕೆಳಗೆ ಮಲಗಿ ಅದನ್ನು ಪರೀಕ್ಷಿಸಲೇಬೇಕು. ಅಲ್ಯೂಮಿನಿಯಂ ಇಂಜಿನ್ನು ಕಾವನ್ನು ಸಹಿಸದು. ರೇಡಿಯೇಟರಿಗೆ ಕೊಳಾಯಿ ನೀರನ್ನು ಮಾತ್ರ ತುಂಬಿ ಓಡಿಸಿದ್ದರೆ ಒಳಗೊಳಗೇ ಕೊರೆದುಹೋಗಿರುತ್ತದೆ. ಒಮ್ಮೆ ಕುದಿದರೆ ಹೆಡ್ಡಿನ ಗ್ಯಾಸ್ಕೆಟ್ಟು ಹೋದಂತೆಯೇ. ಇದರ ನೆಂಟರೂ ಇಂಗ್ಲೆಂಡಿನಲ್ಲಿದ್ದಾರೆ: ರಿಲಯಂಟಿನ ಮೂರು ಚಕ್ರದ ಕಾರುಗಳಿಗೂ ಇದೇ ಮನೆತನದ ಇಂಜಿನ್ನು ಇದ್ದುದರಿಂದ ಅಲ್ಲಿಯ ಅಭಿಮಾನಿಗಳು ಅದನ್ನು ಜೀವಂತವಾಗಿಟ್ಟಿದ್ದಾರೆ. ಹತ್ತಿರದಲ್ಲಿ ತಾಳ್ಮೆಯುಳ್ಳ ಮೇಸ್ತ್ರಿಯೊಬ್ಬರು ಇದ್ದರೆ ಮಾತ್ರ ಡಾಲ್ಫಿನ್ನಿಗೆ ಕೈ ಹಾಕಿ. ಇಲ್ಲವಾದರೆ ಹೆರಾಲ್ಡೇ ಲೇಸು.

ಕಾಗದಪತ್ರಗಳ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಆರ್.ಸಿ. ಪುಸ್ತಕದಲ್ಲಿರುವ ಚಾಸಿ ಮತ್ತು ಇಂಜಿನ್ನಿನ ಸಂಖ್ಯೆಗಳನ್ನು ಕಾರಿನ ಮೇಲಿನ ಸಂಖ್ಯೆಗಳೊಡನೆ ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಹಳೆಯ ಕಾರುಗಳಲ್ಲಿ ಅನೇಕವು ತೀರಿಹೋದವರ ಹೆಸರಿನಲ್ಲಿಯೇ ಉಳಿದಿರುತ್ತವೆ. “ಅಪ್ಪನ ಕಾಲದ್ದು ಸ್ವಾಮಿ, ಹಾಗೇ ಇದೆ” ಎಂದು ಮಗ ಹೇಳುತ್ತಾನೆ. ಮೊದಲು ವಾರಸುದಾರರು 31ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ. ಆಮೇಲೆ ನೀವು ಹಣ ಕೊಡಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲಿನಿಂದ 5,000ಕ್ಕೆ ಏರಿತು. ಆಮೇಲೂ ಅದು ಏರುಮುಖವಾಗಿಯೇ ಇದೆ. ಎಲ್ಲ ಹೆರಾಲ್ಡುಗಳೂ ಈಗ 50 ವರ್ಷ ದಾಟಿರುವುದರಿಂದ ಅವು ವಿಂಟೇಜ್ ನೋಂದಣಿಗೆ ಅರ್ಹ; ಡಾಲ್ಫಿನ್ನಿಗೆ ಆ ಭಾಗ್ಯ 2032ಕ್ಕೆ ಮೊದಲು ಬರದು.

ಸಾಕುವ ಬಗೆಯನ್ನು ಕುರಿತು ಎರಡು ಮಾತು ಸಾಕು. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ 20ರ ವರೆಗೆ ಎಥನಾಲ್ ಬೆರೆತಿರುತ್ತದೆ. ಹಳೆಯ ಕಾರಿನ ರಬ್ಬರು ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಅದು ಮೆತ್ತಗಾಗಿಸಿ ಕೆಡಿಸುತ್ತದೆ; ತೇವವನ್ನು ಹೀರಿ ಟ್ಯಾಂಕಿನಲ್ಲಿ ತುಕ್ಕು ಎಬ್ಬಿಸುತ್ತದೆ. ಕಾರು ಮನೆಗೆ ಬಂದ ಕೂಡಲೇ ಎಥನಾಲನ್ನು ತಡೆಯುವ ಕೊಳವೆಗಳನ್ನು ಹಾಕಿಸಿ, ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಹತ್ತು ಮೈಲಿ ಓಡಿಸಿ. ಹಣದ ವಿಚಾರದಲ್ಲಿ ನನ್ನ ಸೂತ್ರವಿಷ್ಟೆ: ಕೈಯಲ್ಲಿರುವುದನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಸಿಕ್ಕುವ ಕಾರನ್ನು ಕೊಳ್ಳಿ. ಎರಡನೆಯ ಪಾಲನ್ನು ಮೊದಲ ವರ್ಷದಲ್ಲಿಯೇ ಅದು ತಾನಾಗಿ ಕೇಳುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದಾಗ, ದೊಡ್ಡದೊಂದು ಪ್ಲಿಮತ್ ಕಾರನ್ನು ನೋಡಿ ಮರುಳಾಗಿ ಬಂದರು. “ಮೇಷ್ಟ್ರೇ, ಅದರ ಗತ್ತೇ ಗತ್ತು” ಎಂದರು. ಮೂರೂವರೆ ಲೀಟರಿಗೂ ಮಿಗಿಲಾದ ಆರು ಸಿಲಿಂಡರಿನ ಇಂಜಿನ್ನು ಅದರದು. ಇದ್ದ ಹಣವೆಲ್ಲ ಕೊಳ್ಳುವುದಕ್ಕೇ ಹೋಗುತ್ತಿತ್ತು. ಮಗಳ ಓದು ಇನ್ನೂ ಮುಗಿದಿರಲಿಲ್ಲ. ನಾನು ಬೇಡವೆನ್ನಲಿಲ್ಲ. “ಇದನ್ನು ಬಿಚ್ಚಿ ಜೋಡಿಸಬಲ್ಲವರ ಹೆಸರನ್ನು ಹೇಳಪ್ಪ, ಅವರ ವಯಸ್ಸನ್ನೂ ಹೇಳು” ಎಂದೆ. ಒಂದು ವಾರ ವಿಚಾರಿಸಿ ಬಂದು, “ಇಬ್ಬರಿದ್ದಾರೆ ಮೇಷ್ಟ್ರೇ, ಇಬ್ಬರಿಗೂ ಎಂಬತ್ತರ ಹತ್ತಿರ” ಎಂದರು. ಅವರು ಕೊನೆಗೆ ಕೊಂಡುದು ಮಾಸಿದ ಬಣ್ಣದ ಒಂದು ಹೆರಾಲ್ಡನ್ನು. ಈಗ ಭಾನುವಾರಗಳಲ್ಲಿ ಅವರ ಮಗಳೂ ಬಾನೆಟ್ಟು ಎತ್ತಿ, ಮೇಸ್ತ್ರಿಯ ಪಕ್ಕದಲ್ಲಿ ನಿಂತು ಸ್ಪಾನರು ಹಿಡಿಯುತ್ತಾಳೆ.

ಹಳೆಯ ಕಾರಿನ ನಿಜವಾದ ಬೆಲೆ ಇಲ್ಲಿದೆ ಎಂದು ನನ್ನ ನಂಬಿಕೆ. ಕಬ್ಬಿಣವನ್ನು ಸಂಗ್ರಹಾಲಯ ಕಾಪಾಡುತ್ತದೆ. ಆದರೆ ಟ್ರನಿಯನ್ನಿಗೆ ಯಾವ ಎಣ್ಣೆ, ಕಾರ್ಬುರೇಟರಿನ ತಿರುಪು ಎಷ್ಟು ಸುತ್ತು ಎಂಬ ವಿದ್ಯೆ ಇರುವುದು ಬರವಣಿಗೆಯಲ್ಲಿ ಅಲ್ಲ, ವಯಸ್ಸಾದ ಮೇಸ್ತ್ರಿಗಳ ಬೆರಳುಗಳಲ್ಲಿ. ಕೆಲಸ ಕೊಡುವವರಿದ್ದರೆ ಮಾತ್ರ ಆ ವಿದ್ಯೆ ಮುಂದಿನ ಕೈಗೆ ದಾಟುತ್ತದೆ. ಹೆಸರುವಾಸಿಯಾದ ಕಾರುಗಳನ್ನು ಕೊಳ್ಳುವವರು ಸಾಕಷ್ಟು ಮಂದಿ ಇದ್ದಾರೆ. ನಮ್ಮ ತಂದೆಯವರ ಕಾಲದಲ್ಲಿ ಶಾಲೆಗೆ, ಆಸ್ಪತ್ರೆಗೆ, ಮದುವೆಗೆ ನಮ್ಮನ್ನು ಹೊತ್ತೊಯ್ದ ಸಾಮಾನ್ಯ ಕಾರುಗಳು ಉಳಿಯಬೇಕಾದರೆ ಸಾಮಾನ್ಯ ಗೃಹಸ್ಥರೇ ಅವುಗಳನ್ನು ಆರಿಸಿಕೊಳ್ಳಬೇಕು. ಆದ್ದರಿಂದ ಕೊಳ್ಳುವ ಮನಸ್ಸುಳ್ಳವರು ಮೊದಲು ಮೇಸ್ತ್ರಿಯನ್ನು ಹುಡುಕಲಿ, ಆಮೇಲೆ ಆ ಮೇಸ್ತ್ರಿ ಬಲ್ಲ ಕಾರನ್ನು ಹುಡುಕಲಿ. ಅವರ ಪಕ್ಕದಲ್ಲಿ ನಿಂತು ನೋಡುವುದಕ್ಕೆ ಮನೆಯ ಎಳೆಯರೊಬ್ಬರನ್ನು ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು.

(ಬಾನುಲಿ ಭಾಷಣ)